ನಾಲ್ಕು ಸ್ಲಾಟಿನ ಬೋರ್ಡು

ಸ್ಕೇಲಕ್ಕನನ್ನು ಕೆಲಸದಿಂದ ತೆಗೆದ ದಿನ ಎಂಜಿನಿಯರ್ ತಮ್ಮ ಕೈಗಡಿಯಾರ ಬಿಚ್ಚಿ ಅವಳ ಮೇಜಿನ ಮೇಲಿಟ್ಟರು. ಕಟ್ಟಡಗಳ ನಕ್ಷೆ ಬರೆಯುವ ಆ ಆಫೀಸಿನಲ್ಲಿ ಅವಳದು ಇಪ್ಪತ್ತಾರನೆಯ ವರ್ಷ. ಎದುರು ಮೇಜಿನಲ್ಲಿ ಆರು ತಿಂಗಳ ಹಿಂದೆ ಸೇರಿದ ಹುಡುಗಿ. ಅವಳ ಮುಂದೆ ಹೊಸ ಕಂಪ್ಯೂಟರ್, ಸ್ಕೇಲಕ್ಕನ ಮುಂದೆ ಹತ್ತು ವರ್ಷದ ಹಳೆಯದು. ಇಬ್ಬರಿಗೂ ಒಂದೇ ನಕ್ಷೆ ಕೊಟ್ಟು, ಮೆಟ್ಟಿಲಿನ ಭಾಗ ತಿದ್ದಿ ಪ್ರಿಂಟಿಗೆ ಕಳಿಸಿ ಎಂದರು. ಉಳಿದವರೆಲ್ಲ ಕುರ್ಚಿ ತಿರುಗಿಸಿಕೊಂಡು ಕುಳಿತರು, ಪಂದ್ಯ ನೋಡುವವರ ಹಾಗೆ.

ಹುಡುಗಿ ಮುಗಿಸಿ ಕೈಕಟ್ಟಿ ಕೂತಾಗ ಸ್ಕೇಲಕ್ಕನ ಪರದೆಯಲ್ಲಿ ನಕ್ಷೆ ಇನ್ನೂ ತೆರೆದುಕೊಳ್ಳುತ್ತಲೇ ಇತ್ತು. ಒಂದು ಗೋಡೆ ಬಂತು, ನಿಂತಿತು. ಇನ್ನೊಂದು ಗೋಡೆ ಬಂತು, ನಿಂತಿತು.

"ನೋಡಮ್ಮ," ಎಂಜಿನಿಯರ್ ಗಡಿಯಾರವನ್ನು ಮತ್ತೆ ಕಟ್ಟಿಕೊಳ್ಳುತ್ತ ಹೇಳಿದರು, "ನಾನೇನೂ ಹೇಳ್ತಿಲ್ಲ. ಗಡಿಯಾರಾನೇ ಹೇಳ್ತಿದೆ."

"ನಿಧಾನ ಆಗಿರೋದು ಮಿಷನ್ನು ಸರ್, ನನ್ನ ಕೈಯಲ್ಲ. ಮೂರು ವರ್ಷದಿಂದ ಬದಲಾಯಿಸಿ ಅಂತ ಕೇಳ್ತಾನೇ ಇದ್ದೀನಿ."

"ಮಿಷನ್ನಿಗೆ ದುಡ್ಡು ಹಾಕೋ ಮುಂಚೆ, ಅದರ ಮುಂದೆ ಕೂತವರಿಗೆ ಇನ್ನೆಷ್ಟು ವರ್ಷ ಉಳಿದಿದೆ ಅಂತಲೂ ನೋಡ್ಬೇಕಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಮೆಟ್ಟಿಲು ಬರೆಯುವುದನ್ನು ಆ ಹುಡುಗಿಗೆ ಕಲಿಸಿದ್ದು ಸ್ಕೇಲಕ್ಕನೇ. ಹುಡುಗಿ ತಲೆ ಎತ್ತಲಿಲ್ಲ.

ಸ್ಕೇಲಕ್ಕನಿಗೆ ಆಗ ಐವತ್ತೆರಡು. ಕೈಚೀಲದಲ್ಲಿ ಸದಾ ಒಂದು ಉಕ್ಕಿನ ಸ್ಕೇಲು ಇರುತ್ತಿದ್ದರಿಂದ ಬೀದಿಯವರೆಲ್ಲ ಅವಳನ್ನು ಹಾಗೆ ಕರೆಯುತ್ತಿದ್ದರು. ಬಾಗಿಲ ಪರದೆಯ ಬಟ್ಟೆ ಕೊಳ್ಳುವಾಗಲೂ ಅಂಗಡಿಯವನ ಅಳತೆ ನಂಬುತ್ತಿರಲಿಲ್ಲ. ಮದುವೆ ಆಗಿರಲಿಲ್ಲ. ತಾಯಿ ಸತ್ತಾಗ ತಂಗಿಗೆ ಒಂಬತ್ತು ವರ್ಷ, ಇವಳಿಗೆ ಇಪ್ಪತ್ತಮೂರು. ತಂಗಿಯ ಜಡೆ, ಜ್ವರ, ಶಾಲೆ, ಆಮೇಲೆ ಮದುವೆ, ಎಲ್ಲ ಇವಳ ಕೈಯಿಂದಲೇ ಆಯಿತು. ತಂದೆ ಇಬ್ಬರ ಹೆಸರಿಗೂ ಬರೆದಿಟ್ಟುಹೋದ ಮನೆಯಲ್ಲಿ ತಂಗಿ, ತಂಗಿಯ ಗಂಡ ಮುಂದಿನ ಎರಡು ಕೋಣೆಯಲ್ಲಿದ್ದರು. ಇವಳು ಹಿಂದಿನ ಒಂದರಲ್ಲಿ. ತಂಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳ ಗಂಡ ಕಂಪ್ಯೂಟರ್ ಬಿಡಿಭಾಗ ಮಾರುವ ದೊಡ್ಡ ಅಂಗಡಿಯ ಕೌಂಟರಿನಲ್ಲಿ. ಏನು ಕೇಳಿದರೂ "ಗ್ಯಾರಂಟಿ" ಎನ್ನುತ್ತಿದ್ದ. ಬಸ್ಸು ಬರುತ್ತಾ ಎಂದರೂ ಗ್ಯಾರಂಟಿ, ತಲೆನೋವು ಹೋಗುತ್ತಾ ಎಂದರೂ ಗ್ಯಾರಂಟಿ. ಅದೇ ಅವನ ಹೆಸರಾಯಿತು.

ಕೆಲಸ ಹೋದ ಎರಡನೇ ವಾರ ಸ್ಕೇಲಕ್ಕ ಒಂದು ತೀರ್ಮಾನಕ್ಕೆ ಬಂದಳು: ಸ್ವಂತ ಕಂಪ್ಯೂಟರ್ ಕಟ್ಟಿಸಿ ಮನೆಯಲ್ಲೇ ನಕ್ಷೆ ಬರೆಯುವುದು. ಆಫೀಸು ಬಿಡುವಾಗ ಕೊಟ್ಟ ಹಣ ಕೈಯಲ್ಲಿತ್ತು. ಅದು ತೀರಾ ಹೆಚ್ಚೂ ಅಲ್ಲ, ಇನ್ನೊಮ್ಮೆ ಬರುವಂಥದ್ದೂ ಅಲ್ಲ. ಹಾಗಾಗಿ ತಪ್ಪಿಗೆ ಜಾಗವಿರಲಿಲ್ಲ.

ಬಿಡಿಭಾಗದ ಅಂಗಡಿಗಳಿದ್ದ ಗಲ್ಲಿಯಲ್ಲಿ ನಾಲ್ಕು ತಿಂಗಳು ತಿರುಗಿದಳು. ಒಬ್ಬ ಕಂಪ್ಯೂಟರಿನ ಭಾಗಗಳನ್ನೆಲ್ಲ ಒಳಗೆ ಕೂರಿಸುವ ಗಾಜಿನ ಡಬ್ಬ ತೋರಿಸಿದ, ಇನ್ನೊಬ್ಬ ಕೆಂಪು ನೀಲಿ ಬೆಳಕು ಬೀರುವ ಫ್ಯಾನು ತೋರಿಸಿದ. ಮೂರನೆಯವನು "ಮೊಮ್ಮಕ್ಕಳಿಗಾ ಆಂಟಿ?" ಎಂದು ಕೇಳಿದ. ಗಲ್ಲಿಯ ಕೊನೆಯಲ್ಲಿ, ಒಂದು ಕಟ್ಟಡದ ಮೆಟ್ಟಿಲಿನ ಕೆಳಗೆ, ರಿಪೇರಿ ಮಾಡುವ ಮುದುಕನೊಬ್ಬ ಕೂರುತ್ತಿದ್ದ. ಬಂದವರಿಗೆಲ್ಲ ಬೈದು ಬೈದು ಬೈಗುಳದ ಮಾಮ ಎನಿಸಿಕೊಂಡವನು.

"ಗಾಜಿನ ಡಬ್ಬ ಒಳ್ಳೇದಾ?" ಎಂದು ಇವಳು ಕೇಳಿದಳು.

"ಯಾಕೆ, ಒಳಗೆ ಮೀನು ಸಾಕ್ತೀರಾ?"

"ಹಾಗಾದ್ರೆ ತಗಡಿಂದೇ ಸಾಕು. ನನಗೆ ಈಗ ಕಮ್ಮಿ ದುಡ್ಡಲ್ಲಿ ಆಗ್ಬೇಕು. ಮುಂದೆ ಕೆಲಸ ಹೆಚ್ಚಾದ್ರೆ ಅದೂ ಬೆಳೀಬೇಕು."

"ಎಲ್ಲರಿಗೂ ಅದೇ ಬೇಕು. ಮಗೂಗೆ ದೊಡ್ಡ ಸೈಜಿನ ಬಟ್ಟೆ ತಗೊಂಡು ಮಡಚಿ ಹೊಲಿಸ್ತಾರಲ್ಲ, ಆ ಥರ." ಮಾಮ ಬೆಸುಗೆ ಕಡ್ಡಿಯನ್ನು ಪಕ್ಕಕ್ಕಿಟ್ಟ. "ಒಂದು ಮಾತು ಕೇಳಿಸ್ಕೊಳ್ಳಿ. ಆಮೇಲೆ ಬದಲಾಯಿಸೋಕೆ ಸುಲಭವಾಗಿರೋದನ್ನ ಈಗ ಚಿಕ್ಕದು ತಗೊಳ್ಳಿ. ಕಷ್ಟವಾಗಿರೋದನ್ನ ಈಗಲೇ ದೊಡ್ಡದು ತಗೊಳ್ಳಿ."

ಸ್ಕೇಲಕ್ಕನಿಗೆ ತಟ್ಟನೆ ಹೊಳೆಯಿತು. "ಮೇಲೆ ಎರಡು ಮಹಡಿ ಬರುತ್ತೆ ಅಂದ್ರೆ ಪಾಯ ಈಗಲೇ ಹಾಕ್ಬೇಕು. ಬಣ್ಣ ಯಾವಾಗ ಬೇಕಾದ್ರೂ ಹೊಡೀಬಹುದು."

"ಇಷ್ಟು ಗೊತ್ತಿದ್ದೋರು ನನ್ನ ತಲೆ ಯಾಕ್ರೀ ತಿಂತೀರಿ?" ಎಂದ ಮಾಮ. ಆದರೆ ಕೂರಲು ಸ್ಟೂಲು ಸರಿಸಿಕೊಟ್ಟ.

ಅವಳ ಪಟ್ಟಿ ಹಾಗೆ ತಯಾರಾಯಿತು. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡು ಮೆಮೊರಿ ಪಟ್ಟಿ ಸಿಕ್ಕಿಸಲು ನಾಲ್ಕು ಸ್ಲಾಟ್ ಇರುವಂಥದ್ದೇ ಆಗಬೇಕು. ಈಗ ಎರಡು ತುಂಬಿಸಿ ಎರಡು ಖಾಲಿ ಬಿಡುವುದು. ಪ್ರೊಸೆಸರ್ ಸಾಧಾರಣದ್ದು ಸಾಕು, ಆದರೆ ಅದು ಕೂರುವ ಸಾಕೆಟ್ಟಿಗೆ ಮುಂದಿನ ತಲೆಮಾರಿನದೂ ಹೊಂದಬೇಕು. ಗ್ರಾಫಿಕ್ಸ್ ಕಾರ್ಡು ಈಗ ಬೇಡ. ಮುಂದೆ ಹಾಕಲು ಜಾಗವಿರಲಿ. ವಿದ್ಯುತ್ ಕೊಡುವ ಪವರ್ ಸಪ್ಲೈ ಮಾತ್ರ ಇವತ್ತಿನ ಅಗತ್ಯದ ಎರಡರಷ್ಟು. ಪರದೆ ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು. ಇದನ್ನೆಲ್ಲ ಅವಳು ಗ್ರಾಫ್ ಹಾಳೆಯ ಮೇಲೆ ಕಟ್ಟಡದ ನಕ್ಷೆಯಂತೆಯೇ ಬರೆದಳು. ಡಬ್ಬದ ಒಳಗೆ ಯಾವುದು ಎಲ್ಲಿ ಕೂರುತ್ತದೆ, ಎಷ್ಟು ಉದ್ದ, ಎಷ್ಟು ಅಗಲ, ಪಕ್ಕದಲ್ಲಿ ಯಾಕೆ ಅದೇ ಬೇಕು ಎಂಬ ಒಂದು ಸಾಲು. ಬೈಗುಳದ ಮಾಮ ಹಾಳೆಯನ್ನು ಬಹಳ ಹೊತ್ತು ನೋಡಿದ. ಬೈಯಲಿಲ್ಲ.

ಮಾಮನ ಹತ್ತಿರವೇ ಕಟ್ಟಿಸುವುದೆಂದಿದ್ದವಳನ್ನು ತಡೆದದ್ದು ತಂಗಿ.

"ಮನೇಲೇ ಮನುಷ್ಯ ಇಟ್ಕೊಂಡು ಮೆಟ್ಟಿಲು ಕೆಳಗೆ ಕೂತೋನ ಹತ್ರ ಹೋಗ್ತೀಯಾ ಅಕ್ಕ? ನೋಡಿದೋರು ಏನಂತಾರೆ? ಇವ್ರಿಗೆ ಅಂಗಡೀಲಿ ರಿಯಾಯ್ತಿ ಇದೆ."

"ಅಕ್ಕ, ಪಟ್ಟೀಲಿ ಇರೋದು ಇದ್ದ ಹಾಗೇ ಬರುತ್ತೆ," ಎಂದ ಗ್ಯಾರಂಟಿ, ಎದೆಯ ಮೇಲೆ ಕೈಯಿಟ್ಟು. "ಒಂದು ಸ್ಕ್ರೂ ಆ ಕಡೆ ಈ ಕಡೆ ಆಗಲ್ಲ. ಗ್ಯಾರಂಟಿ."

ಹಾಳೆಯನ್ನೂ ಹಣವನ್ನೂ ಅವನ ಕೈಗೆ ಕೊಟ್ಟಳು.

ಎರಡು ವಾರದ ಮೇಲೆ ಒಂದು ಭಾನುವಾರ ಡಬ್ಬ ಬಂತು. ಅದರ ಪಕ್ಕೆಯ ತಗಡಿನ ಬಾಗಿಲಿನ ಅಂಚಿಗೆ ಗ್ಯಾರಂಟಿ ಬೆಳ್ಳಿ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದ. "ಇದನ್ನ ಕಿತ್ರೆ ವಾರಂಟಿ ಹೋಯ್ತು ಅಂತಲೇ ಲೆಕ್ಕ. ಮುಟ್ಟೋಕೆ ಹೋಗ್ಬೇಡಿ." ಪರದೆಯ ಮೇಲೆ ಮೆಮೊರಿ ಇವಳು ಬರೆದಷ್ಟೇ ತೋರಿಸುತ್ತಿತ್ತು. ಪ್ರೊಸೆಸರಿನ ಹೆಸರಿನಲ್ಲಿ ಮಾತ್ರ ಒಂದು ಅಂಕಿ ಬೇರೆ ಇತ್ತು. ಕೇಳಿದ್ದಕ್ಕೆ, "ನೀವು ಬರೆದಿದ್ದು ಖಾಲಿ ಆಗಿತ್ತು ಅಕ್ಕ. ಇದು ಅದರ ಅಣ್ಣ" ಎಂದು ನಕ್ಕ. ತಂಗಿಯೂ ನಕ್ಕಳು. ಸ್ಕೇಲಕ್ಕನೂ ನಕ್ಕಳು.

ಮೊದಲ ಕೆಲಸ ಸಿಕ್ಕಿದ್ದು ಹಳೆಯ ಪರಿಚಯದ ಗುತ್ತಿಗೆದಾರನಿಂದ. ಎರಡು ಮಹಡಿಯ ಒಂದು ಕ್ಲಿನಿಕ್ಕಿನ ನಕ್ಷೆ. ಮೂರನೇ ದಿನದಿಂದ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಣ್ಣು ಮುಚ್ಚತೊಡಗಿತು. ದೊಡ್ಡ ನಕ್ಷೆ ತೆರೆದರೆ ಸಾಕು, ಟಕ್ ಎಂದು ಆರಿಹೋಗುತ್ತಿತ್ತು. ಗುತ್ತಿಗೆದಾರ ನಕ್ಷೆ ಒಯ್ಯಲು ಬಂದ ಮಧ್ಯಾಹ್ನ, ಅವನು ಪಕ್ಕದಲ್ಲಿ ಕುಳಿತಿರುವಾಗಲೇ ಮೂರು ಸಲ ಆರಿತು. ನಾಲ್ಕನೆಯ ಸಲ ಹೊತ್ತಿಕೊಂಡಾಗ ಕ್ಲಿನಿಕ್ಕಿನ ಕಡತ ತೆರೆಯಲೇ ಇಲ್ಲ.

ಗುತ್ತಿಗೆದಾರ ಟೀ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದ. "ನಿಮ್ಮ ಎಂಜಿನಿಯರ್ ಹೇಳಿದ್ರು, ಆಕೆ ಕೈಲಿ ಇನ್ನು ಆಗಲ್ಲ ಅಂತ. ನಾನೇ ನಂಬಲಿಲ್ಲ."

ಸಂಜೆ ಗ್ಯಾರಂಟಿ ಬಂದು ಡಬ್ಬದ ತಲೆ ಸವರಿ ನೋಡಿದ. "ಮಿಷನ್ ಚೆನ್ನಾಗೇ ಇದೆ ಅಕ್ಕ. ನೀವೇ ಏನೋ ಒತ್ತಿರ್ತೀರಿ. ವಯಸ್ಸಾದ್ಮೇಲೆ ಹಾಗೇನೇ, ಕೈ ಒಂದು ಕಡೆ, ಗಮನ ಒಂದು ಕಡೆ."

ಸ್ಕೇಲಕ್ಕ ಅದನ್ನು ನಂಬಿದಳು. ಆಫೀಸಿನಲ್ಲಿ ಎಲ್ಲರೆದುರು ಎಂಜಿನಿಯರ್ ಹೇಳಿದಾಗ ನಂಬದವಳು ಮನೆಯವರ ಒಂದು ಮಾತನ್ನು ನಂಬಿದಳು. ಕಂಪ್ಯೂಟರಿನ ಮೇಲೆ ಒಂದು ಹಳೆಯ ಟವೆಲು ಹೊದಿಸಿದಳು. "ಸುಮ್ನೆ ಕೂತಿರೋದಕ್ಕೆ ಬೇಜಾರಾದ್ರೆ ಅಡುಗೆ ನೋಡ್ಕೋ ಅಕ್ಕ" ಎಂದಳು ತಂಗಿ. ಅಡುಗೆ ಇವಳ ಪಾಲಿಗೆ ಬಂತು, ಆಮೇಲೆ ಬಟ್ಟೆ ಒಗೆಯುವುದು, ಆಮೇಲೆ ಗ್ಯಾರಂಟಿಯ ಶರಟಿಗೆ ಇಸ್ತ್ರಿ. ಮನೆಗೆ ಹೊಸ ಫ್ರಿಜ್ಜು ಬಂದಿತ್ತು. ಮಾಡಿದ ಅಡುಗೆಯನ್ನು ಅದರಲ್ಲಿ ಜೋಡಿಸಿಡುವುದೂ ಇವಳ ಕೆಲಸವೇ. ಉಪ್ಪು ಹೆಚ್ಚಾದ ದಿನ ಗ್ಯಾರಂಟಿ ತಟ್ಟೆ ಸರಿಸಿ, "ಇದಕ್ಕೂ ಅಳತೆ ತಪ್ತಾ?" ಎನ್ನುತ್ತಿದ್ದ. ಹೀಗೆ ಎರಡು ತಿಂಗಳು ಕಳೆಯಿತು.

ಕೊನೆಗೆ ಅದನ್ನು ಮಾರಿಬಿಡೋಣವೆಂದು ಆಟೋದಲ್ಲಿ ಹಾಕಿಕೊಂಡು ಬೈಗುಳದ ಮಾಮನ ಹತ್ತಿರ ಒಯ್ದಳು. ಮಾಮ ಡಬ್ಬವನ್ನು ಎತ್ತಿಕೊಂಡವನು ಅಲ್ಲೇ ನಿಂತ.

"ಏನ್ರೀ ಇದು, ಹತ್ತಿ ತುಂಬಿದ್ದೀರಾ? ನೀವು ಬರೆದ ಪವರ್ ಸಪ್ಲೈ ಒಂದೇ ಇದಕ್ಕಿಂತ ಭಾರ ಇರ್ಬೇಕಿತ್ತು."

"ಸ್ಟಿಕ್ಕರ್ ಕಿತ್ರೆ ವಾರಂಟಿ..."

ಮಾಮ ಉಗುರಿನಿಂದ ಸ್ಟಿಕ್ಕರ್ ಕಿತ್ತು ಅವಳ ಸೀರೆಯ ಮೇಲೇ ಅಂಟಿಸಿದ. "ತಗೊಳ್ಳಿ, ವಾರಂಟಿ ನೀವೇ ಇಟ್ಕೊಳ್ಳಿ."

ತಗಡಿನ ಬಾಗಿಲು ಸರಿಯಿತು. ಮಾಮ ಬಾಯಿ ತೆರೆಯುವ ಮೊದಲೇ ಸ್ಕೇಲಕ್ಕ ಕಂಡುಕೊಂಡಳು. ಅವಳು ಆಯ್ಕೆ ಮಾಡಿದ ಬೋರ್ಡಿನ ಅಗಲ ಇಪ್ಪತ್ನಾಲ್ಕು ಸೆಂಟಿಮೀಟರು ದಾಟಬೇಕಿತ್ತು. ಚೀಲದಿಂದ ಸ್ಕೇಲು ತೆಗೆದು ಇಟ್ಟಳು. ಹದಿನೆಂಟೂವರೆ. ಸ್ಲಾಟು ಎರಡೇ. ಎರಡರಲ್ಲೂ ಬೇರೆ ಬೇರೆ ಬಣ್ಣದ, ಬೇರೆ ಬೇರೆ ವಯಸ್ಸಿನ ಮೆಮೊರಿ ಪಟ್ಟಿ. ಪವರ್ ಸಪ್ಲೈ ಮೇಲಿನ ಲೇಬಲ್ಲು ಕೆರೆದುಹೋಗಿತ್ತು.

"ಟೋಪಿ ಹಾಕಿದ್ದಾರೆ ನಿಮಗೆ," ಎಂದ ಮಾಮ. "ಅದೂ ಅಳತೆ ತಗೊಂಡು ಹೊಲಿದ ಟೋಪಿ. ಈ ಸಾಕೆಟ್ಟಿಗೆ ಹೊಸ ಪ್ರೊಸೆಸರ್ ಬರೋದು ನಿಂತೇ ನಾಲ್ಕು ವರ್ಷ ಆಯ್ತು. ಇದು ಬೆಳೆಯೋ ಜಾತಿ ಅಲ್ಲ. ದೊಡ್ಡ ನಕ್ಷೆ ತೆಗೆದ ತಕ್ಷಣ ಈ ಬಡಪಾಯಿ ಸಪ್ಲೈ ಉಸಿರು ಬಿಡ್ತಿತ್ತು, ಅಷ್ಟೇ. ನಿಮ್ಮ ಕೈಯಲ್ಲೇನೂ ತಪ್ಪಿಲ್ಲ."

ಕೊನೆಯ ಮಾತಿಗೆ ಸ್ಕೇಲಕ್ಕ ಸ್ಟೂಲಿನ ಮೇಲೆ ಕೂತಳು. ಅಳುತ್ತಾಳೆಂದುಕೊಂಡ ಮಾಮ ಬೇರೆ ಕಡೆ ನೋಡಿದ. ಅವಳು ಅಳಲಿಲ್ಲ.

ಮನೆಗೆ ಬಂದಾಗ ತಂಗಿ ಒಬ್ಬಳೇ ಇದ್ದಳು, ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಒಳಗೆ ಇರೋದು ನಾನು ಹೇಳಿದ್ದಲ್ಲ. ನಿನಗೆ ಗೊತ್ತಿತ್ತಾ?"

ತಂಗಿಯ ಕೈ ಒಂದು ಕ್ಷಣ ನಿಂತಿತು. ಮತ್ತೆ ಮಡಚತೊಡಗಿತು. "ಅವ್ರು ನೀನು ಹೇಳಿದ್ದನ್ನೇ ತಂದಿದ್ರು. ಅಷ್ಟರಲ್ಲಿ ನಿಮ್ಮ ಆಫೀಸಿನ ಎಂಜಿನಿಯರ್ ಇದ್ರಲ್ಲ, ಅವರ ಮಗ ಅಂಗಡಿಗೆ ಬಂದ. ನಿನ್ನ ಹಾಳೆ ಕೌಂಟರ್ ಮೇಲಿತ್ತು, ನೋಡಿ ಇಂಥದ್ದೇ ಮೂರು ಬೇಕು, ಇವತ್ತೇ ಬೇಕು ಅಂದ. ಅಂಗಡೀಲಿ ಎರಡಕ್ಕೆ ಆಗೋಷ್ಟೇ ಸಾಮಾನಿತ್ತು."

"ಮೂರನೇದು ನಂದು."

"ನಿನಗೇನು ಅವಸರ ಇತ್ತು?"

"ಮತ್ತೆ ನನ್ನ ದುಡ್ಡು?"

ತಂಗಿ ಫ್ರಿಜ್ಜಿನ ಕಡೆ ನೋಡಿದಳು. ನೋಡಬಾರದಿತ್ತು ಎಂದು ಗೊತ್ತಾದ ಮೇಲೆ ಅವಳ ದನಿ ಏರಿತು. "ಮನೆಗೇ ತಾನೇ ಬಂದಿದ್ದು? ನೀನೂ ಅದರ ತಣ್ಣೀರೇ ಕುಡೀತಿಲ್ವಾ? ನಿನಗೆ ಗಂಡ ಇಲ್ಲ, ಮಕ್ಕಳಿಲ್ಲ. ನಾಲ್ಕು ಸ್ಲಾಟ್ ಇಟ್ಕೊಂಡು ಅದರಲ್ಲಿ ಏನು ತುಂಬ್ತೀಯ ನೀನು?"

ಸ್ಕೇಲಕ್ಕ ತಂಗಿಯ ಮುಂದಿದ್ದ ಬಟ್ಟೆಯ ರಾಶಿಯಿಂದ ತನ್ನ ಎರಡು ಸೀರೆ ಎತ್ತಿಕೊಂಡು ಕೋಣೆಗೆ ಹೋದಳು.

ಬೈಗುಳದ ಮಾಮ ಅವಳಿಗೊಂದು ದಾರಿ ಹೇಳಿಕೊಟ್ಟಿದ್ದ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಾಲೀಕನನ್ನು ಒಬ್ಬನೇ ಇರುವಾಗ ನೋಡಿ, ಹೆಸರು ಕೆಡಬಾರದೆಂದು ಅವನು ಸದ್ದಿಲ್ಲದೆ ಸಾಮಾನು ಬದಲಿಸಿಕೊಡುತ್ತಾನೆ, ಗ್ಯಾರಂಟಿಗೂ ಒಂದು ಬೈಗುಳದಲ್ಲಿ ಮುಗಿಯುತ್ತದೆ ಎಂದು. ಸ್ಕೇಲಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡೂ ಅವಳು ಹೋದದ್ದು ಶನಿವಾರ ಹನ್ನೆರಡು ಗಂಟೆಗೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ.

ಡಬ್ಬವನ್ನು ಕೌಂಟರಿನ ಮೇಲಿಟ್ಟಳು. ಗ್ಯಾರಂಟಿ ಕೌಂಟರಿನ ಮೇಲೆ ಬಗ್ಗಿದ. "ಅಕ್ಕ, ಮನೇಲಿ ಮಾತಾಡೋಣ," ಎಂದು ಪಿಸುಗುಟ್ಟಿದ. "ನಿಮ್ಮ ಕಾಲು ಹಿಡ್ಕೋತೀನಿ."

"ಪಟ್ಟೀಲಿ ಇರೋದು ಇದ್ದ ಹಾಗೇ ಇದೆ ಅಂದ್ರಲ್ಲ," ಎಂದಳು ಗಟ್ಟಿಯಾಗಿ. "ಬನ್ನಿ, ಎಲ್ಲರ ಮುಂದೆ ಒಂದ್ಸಲ ನೋಡಿಬಿಡೋಣ."

ಡಬ್ಬದ ಬಾಗಿಲು ಬಿಚ್ಚಿ, ತಾನು ಇಟ್ಟುಕೊಂಡಿದ್ದ ಗ್ರಾಫ್ ಹಾಳೆಯ ಪ್ರತಿಯನ್ನು ಪಕ್ಕದಲ್ಲಿ ಹರವಿ, ಒಂದೊಂದೇ ಭಾಗಕ್ಕೆ ಸ್ಕೇಲಿನ ತುದಿ ಮುಟ್ಟಿಸುತ್ತ ಓದಿದಳು. ನಾನು ಬರೆದದ್ದು ಇದು, ಇವರು ಹಾಕಿದ್ದು ಇದು. ಒಂದು ಬೈಗುಳವೂ ಬರಲಿಲ್ಲ. ಗಿರಾಕಿಗಳು ಸುತ್ತ ಕಟ್ಟಿಕೊಂಡರು. ಇಬ್ಬರು ತಾವು ಆಗಷ್ಟೇ ಕೊಂಡ ಡಬ್ಬಗಳನ್ನು ವಾಪಸು ಕೌಂಟರಿನ ಮೇಲಿಟ್ಟು, "ನಮ್ಮದನ್ನೂ ಬಿಚ್ಚಿ ತೋರಿಸಿ" ಎಂದರು. ಅದು ಮಾಲೀಕನನ್ನು ಎಬ್ಬಿಸಿತು. ಅವನು ಗಲ್ಲಾ ಬಿಟ್ಟು ಬಂದು ಹಾಳೆ ನೋಡಿದ, ಡಬ್ಬ ನೋಡಿದ, ಗ್ಯಾರಂಟಿಯನ್ನು ನೋಡಿದ.

"ಶರ್ಟ್ ಬಿಚ್ಚು."

"ಸರ್..."

"ನನ್ನ ಅಂಗಡಿ ಹೆಸರಿರೋ ಶರ್ಟ್ ಅದು. ಬಿಚ್ಚಿಟ್ಟು ಹೋಗು."

ಗ್ಯಾರಂಟಿ ಒಂದೊಂದೇ ಗುಂಡಿ ಬಿಚ್ಚಿದ. ಆ ನೀಲಿ ಶರಟಿಗೆ ಬೆಳಿಗ್ಗೆ ಇಸ್ತ್ರಿ ಹಾಕಿದವಳು ಎದುರಿಗೇ ನಿಂತಿದ್ದಳು. ಅವನ ಬನಿಯನ್ನಿಗೆ ಕಂಕುಳ ಹತ್ತಿರ ತೂತಾಗಿತ್ತು. ಹೊಸ್ತಿಲು ದಾಟುವಾಗ ಯಾರೋ, "ಬನಿಯನ್ನಿಗೂ ಗ್ಯಾರಂಟಿ ಇದ್ಯಾ?" ಎಂದರು. ಅಂಗಡಿಯೆಲ್ಲ ಗೊಳ್ಳೆಂದಿತು. ಸ್ಕೇಲಕ್ಕನೂ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ಅಷ್ಟು ನಗು ಬಂದಿತ್ತು. ನಡುಹಗಲ ಬಿಸಿಲಿನಲ್ಲಿ ಬನಿಯನ್ನಿನಲ್ಲಿ ನಡೆದುಹೋಗುತ್ತಿದ್ದವನನ್ನು ಗಲ್ಲಿಯ ತಿರುವಿನವರೆಗೂ ನೋಡುತ್ತ ನಿಂತಳು.

ಮಾಲೀಕ ಪಟ್ಟಿಯಲ್ಲಿದ್ದ ಸಾಮಾನೆಲ್ಲ ಹೊಸದಾಗಿ ತೆಗೆಸಿಕೊಟ್ಟ. ಅದನ್ನು ಜೋಡಿಸಿದ್ದು ಬೈಗುಳದ ಮಾಮ, ಮೆಟ್ಟಿಲಿನ ಕೆಳಗೆ. ಅವತ್ತು ಮಾಮ ಒಂದೇ ಮಾತು ಆಡಿದ: "ಬೆಳಿಗ್ಗೆ ಹೋಗಿದ್ರೂ ಇದೇ ಸಾಮಾನು ಸಿಗ್ತಿತ್ತು."

"ಗೊತ್ತು," ಎಂದಳು ಸ್ಕೇಲಕ್ಕ.

ಆ ಗಲ್ಲಿಯಲ್ಲಿ ಗ್ಯಾರಂಟಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಊರಾಚೆಯ ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸ ಹಿಡಿದ. ಮೂರೇ ತಿಂಗಳಿಗೆ ಬೆನ್ನು ಹಿಡಿದುಕೊಂಡು ಬಾಗಿ ನಡೆಯತೊಡಗಿದ. ತಂಗಿ ಅಕ್ಕನೊಂದಿಗೆ ಮಾತು ಬಿಟ್ಟಳು. ಅಡುಗೆಮನೆಯಲ್ಲಿ ಎರಡು ಒಲೆಗಳಾದವು. ಸ್ಕೇಲಕ್ಕನಿಗೆ ಮಾತ್ರ ಕೆಲಸ ಬರತೊಡಗಿತು. ಆ ಕ್ಲಿನಿಕ್ಕಿನ ಗುತ್ತಿಗೆದಾರ ಮತ್ತೆ ತಿರುಗಿ ನೋಡಲಿಲ್ಲ, ಬೇರೆಯವರು ಬಂದರು. ಎಂಟು ತಿಂಗಳಿಗೆ ಎರಡು ಹೊಸ ಮೆಮೊರಿ ಪಟ್ಟಿ ಕೊಂಡು ಖಾಲಿಯಿದ್ದ ಸ್ಲಾಟುಗಳಿಗೆ ತಾನೇ ಒತ್ತಿ ಕೂರಿಸಿದಳು.

ಅದಾದ ಮೇಲೆ ಒಂದು ದಿನ ತಂಗಿ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಎಷ್ಟು ಸೊರಗಿದ್ದಳೆಂದರೆ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಮನೆ ಪಾಲು ಮಾಡ್ಕೊಳ್ಳೋಣ ಅಕ್ಕ. ನಮ್ಮ ಭಾಗ ಮಾರಿದ್ರೆ ಇವರ ಬೆನ್ನಿಗೆ ಆಪರೇಷನ್ ಮಾಡಿಸಬಹುದು. ನಕ್ಷೆ ಬೇಕಂತೆ. ಹೊರಗೆ ಬರೆಸೋಕೆ ತುಂಬಾ ಕೇಳ್ತಾರೆ."

"ನಾನೇ ಬರೀತೀನಿ," ಎಂದಳು ಸ್ಕೇಲಕ್ಕ. "ಕೂತ್ಕೋ."

ತಂಗಿ ಕೂತಳು. ಇವಳು ಟೇಪು ಹಿಡಿದು ಮನೆಯೆಲ್ಲ ಅಳೆದು ಬಂದಳು, ಪರದೆಯ ಮೇಲೆ ಗೋಡೆಗಳನ್ನು ಎಳೆದಳು. ನಡುವೆ ಬರುವ ಹೊಸ ಗೋಡೆಯನ್ನು ಒಮ್ಮೆ ನೇರವಾಗಿ ಎಳೆದು ನೋಡಿದಳು. ಅಳಿಸಿದಳು. ಮತ್ತೆ ಎರಡು ಕಡೆ ಮುರಿದು, ತಿರುಗಿಸಿ ಎಳೆದಳು. ವಿಸ್ತೀರ್ಣ ನೋಡಿದಳು: ಎರಡೂ ಪಾಲು ಒಂದೇ, ಒಂದು ಚದರ ಇಂಚೂ ಆ ಕಡೆ ಈ ಕಡೆ ಇಲ್ಲ. ಪ್ರಿಂಟು ತೆಗೆದು ತಂಗಿಯ ಮುಂದಿಟ್ಟಳು.

ತಂಗಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದಳು. "ಸರಿಯಾಗಿದ್ಯಾ ಅಕ್ಕ?"

"ಎರಡೂ ಸಮ ಇದೆ."

ತಂಗಿ ಸಹಿ ಹಾಕಿದಳು.

ಗಾರೆಯವರು ಬಂದು ಒಂಬತ್ತು ದಿನದಲ್ಲಿ ಗೋಡೆ ಎಬ್ಬಿಸಿದರು. ಗೋಡೆ ಸೂರು ಮುಟ್ಟಿದ ದಿನ ತಂಗಿಗೆ ಗೊತ್ತಾಯಿತು, ಮನೆಗಿದ್ದ ನಾಲ್ಕಕ್ಕೆ ನಾಲ್ಕು ಕಿಟಕಿಗಳೂ ಗೋಡೆಯಾಚೆ ಅಕ್ಕನ ಪಾಲಿಗೆ ಹೋಗಿವೆಯೆಂದು. ಅವಳ ಪಾಲಿನ ಕೋಣೆಗಳಲ್ಲಿ ಮಧ್ಯಾಹ್ನವೂ ದೀಪ ಹಾಕಬೇಕಾಯಿತು. ಕೊಳ್ಳಲು ಬಂದವರು ಒಳಗೆ ಕಾಲಿಟ್ಟು, ಮೇಲೆ ಕೆಳಗೆ ನೋಡಿ, ಹೇಳಿ ಕಳಿಸುತ್ತೇವೆ ಎಂದು ಹೋದರು. ಒಬ್ಬರೂ ಹೇಳಿ ಕಳಿಸಲಿಲ್ಲ.

ತಂಗಿ ಒಮ್ಮೆ ಗೋಡೆಗೆ ಕೈ ಬಡಿದಳು. "ಅಕ್ಕಾ! ಗೊತ್ತಿದ್ದೂ ಬರೆದ್ಯಾ?"

ಸ್ಕೇಲಕ್ಕ ಕಿಟಕಿಯ ಪಕ್ಕದಲ್ಲಿ ಯಾರದೋ ಮನೆಯ ಮೆಟ್ಟಿಲು ಬರೆಯುತ್ತಿದ್ದಳು. ಅವಸರದ ಕೆಲಸ ಅದು, ನಾಳೆಯೇ ಕೊಡಬೇಕಿತ್ತು. ಗೋಡೆ ಬಡಿಯುವುದು ನಿಲ್ಲುವವರೆಗೆ ಕೈ ಕಟ್ಟಿ ಕಾದಳು. ನಿಂತ ಮೇಲೆ ಮತ್ತೆ ಬರೆಯತೊಡಗಿದಳು.